ಮಣ್ಣಿನ ಜೀವಿಗಳ ಗುಟ್ಟು ತಿಳಿದ ವಿನೊಗ್ರಾಡ್ಸ್ಕಿ



ನಮ್ಮ ತರಗತಿಯ ಕಿಟಕಿಯಲ್ಲಿ ಕೆರೆ ಕೆಸರು ತುಂಬಿದ ಬಾಟಲಿ ಇದೆಯಲ್ಲಾ, ದಯವಿಟ್ಟು ಯಾರೂ ಅದನ್ನು ಎಸೆಯಬೇಡಿ. ಕೆಸರಿಗೆ ಹರಿದ ಪೇಪರು, ಸೀಮೆಸುಣ್ಣದ ಪುಡಿ, ಬೇಯಿಸಿದ ಮೊಟ್ಟೆಯ ಹಳದಿ ಸೇರಿಸಿ ಇಟ್ಟಿದ್ದೇವೆ. ಎರಡು ತಿಂಗಳಾಯಿತು. ಈಗ ಮೇಲೆ ಹಸಿರು, ನಡುವೆ ನೇರಳೆ, ತಳದಲ್ಲಿ ಕಪ್ಪು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. (ಮೊದಲ ದಿನ ಎಲ್ಲರೂ ಹಿಂದಿನ ಬೆಂಚಿನವರನ್ನೇ ತಿರುಗಿ ನೋಡಿದ್ರು, ಪಾಪ!) ಈ ವಿಧಾನಕ್ಕೆ ಸೆರ್ಗೈ ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿಯ ಹೆಸರಿದೆ. ಅವರ ವಿಷಯ ಬರೆಯಲು ನನಗೆ ಬೇರೆ ಕಾರಣವೂ ಇದೆ, ಆಮೇಲೆ ಹೇಳ್ತೀನಿ.

ವಿನೊಗ್ರಾಡ್ಸ್ಕಿಯವರು 1856ರಲ್ಲಿ ಕೀವ್ ನಗರದಲ್ಲಿ ಹುಟ್ಟಿದರು. ಅದು ಈಗ ಉಕ್ರೇನಿನ ರಾಜಧಾನಿ. ಮೊದಲು ಕಾನೂನು ಓದಿದರು, ಹಿಡಿಸಲಿಲ್ಲ. ಆಮೇಲೆ ಪಿಯಾನೊ ಕಲಿಯಲು ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು, ಅದನ್ನೂ ಬಿಟ್ಟರು. ನಮ್ಮ ಮನೆಯಲ್ಲಿ ಹೀಗೆ ಮಾಡಿದ್ರೆ ಏನಾಗ್ತಿತ್ತೋ! ಕೊನೆಗೆ ಅವರ ಮನಸ್ಸು ನಿಂತದ್ದು ವಿಜ್ಞಾನದಲ್ಲಿ.

1885ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಗಂಧಕದ ನೀರಿನಲ್ಲಿ ಬೆಳೆಯುವ ಬಿಳಿ ದಾರದಂಥ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡತೊಡಗಿದರು. ಅದರ ಹೆಸರು ಬೆಗ್ಗಿಯಾಟೊವ. ಕೊಳೆತ ಮೊಟ್ಟೆ ವಾಸನೆಯ ಆ ಅನಿಲ ಕೊಟ್ಟರೆ ಅದರ ಮೈಯಲ್ಲಿ ಗಂಧಕದ ಕಾಳು ತುಂಬುತ್ತಿತ್ತು. ಕೊಡದಿದ್ದರೆ ಕಾಳು ಕರಗಿಹೋಗುತ್ತಿತ್ತು. ಅಂದ್ರೆ ನಮಗೆ ವಿಷವಾದ ಅನಿಲದಿಂದಲೇ ಅದು ಶಕ್ತಿ ಪಡೆಯುತ್ತದೆ! ಯಾರೂ ಹೀಗೆ ಯೋಚಿಸಿರಲಿಲ್ಲ.

ನಂತರ ಜ್ಯೂರಿಕ್‌ನಲ್ಲಿ ಇನ್ನೂ ದೊಡ್ಡ ಕೆಲಸ. ಸಗಣಿ, ಗಂಜಲದಿಂದ ಬರುವ ಅಮೋನಿಯ ಮಣ್ಣಿನಲ್ಲಿ ನೈಟ್ರೇಟ್ ಆಗುವುದು ಜೀವಿಗಳಿಂದ ಎಂದು ಗೊತ್ತಿತ್ತು. ಆದರೆ ಅವುಗಳನ್ನು ಬೇರೆ ಮಾಡಿ ಬೆಳೆಸಲು ಹೋದವರೆಲ್ಲ ಸೋತಿದ್ದರು. ಅವರು ಮಾಂಸದ ಸಾರು, ಜೆಲಾಟಿನ್ ಹೀಗೆ ಒಳ್ಳೊಳ್ಳೆಯ ಊಟ ಇಟ್ಟಿದ್ದೇ ತಪ್ಪಾಗಿತ್ತು. ಇವರು ಬರೀ ಅಮೋನಿಯ ಮತ್ತು ಲವಣ ಇಟ್ಟರು. ಬೇಕಾದವು ಮಾತ್ರ ಬೆಳೆದವು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. 1890ರ ಸುಮಾರಿಗೆ ಇದು ತಿಳಿಯಿತು.

ಮುಂದೆ ಆರೋಗ್ಯ ಕೆಟ್ಟು ತಮ್ಮ ಜಮೀನಿಗೆ ಹೋಗಿಬಿಟ್ಟರು. ಅನೇಕ ವರ್ಷ ಪ್ರಯೋಗವೇ ಇಲ್ಲ. 1917ರಲ್ಲಿ ಕ್ರಾಂತಿಯಾಗಿ ಎಲ್ಲವನ್ನೂ ಬಿಟ್ಟು ದೇಶದಿಂದ ಹೊರಡಬೇಕಾಯಿತು. ನಮ್ಮ ಕಡೆ ಆ ವಯಸ್ಸಿಗೆ ರಿಟೈರ್ ಆಗಿ ಜಗಲಿ ಮೇಲೆ ಕೂರುತ್ತಾರೆ. ಇವರು 1922ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಕರೆಗೆ ಹೋಗಿ ಮತ್ತೆ ಮಣ್ಣು ಹಿಡಿದರು! ಮಣ್ಣಿನಲ್ಲಿ ಕೆಲವು ಜೀವಿಗಳು ಸದಾ ನಿಧಾನವಾಗಿ ಬದುಕುತ್ತವೆ, ಕೆಲವು ಹೊಸ ಆಹಾರ ಬಿದ್ದ ಕೂಡಲೇ ಎದ್ದು ಹೆಚ್ಚುತ್ತವೆ ಎಂದು ತೋರಿಸಿದರು. 1949ರಲ್ಲಿ ಮಣ್ಣಿನ ಜೀವಿಗಳ ಬಗ್ಗೆ ಅವರ ದೊಡ್ಡ ಪುಸ್ತಕ ಬಂತು. 1953ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಬೇಕಾದ ಜೀವಿಗೆ ಬೇಕಾದ ಊಟವನ್ನೇ ಇಟ್ಟು ಹುಡುಕಿದ ಹಾಗೆ ಆಮೇಲಿನವರೂ ಹುಡುಕಿದರು. ಫಿಲಿಪೀನ್ಸಿನ ಭತ್ತದ ಗದ್ದೆಗೆ ಡಯಾಜಿನಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದಾಗ ಅದು ಬೇಗ ಬೇಗ ಮಾಯವಾಗತೊಡಗಿತ್ತು. ಅಲ್ಲಿ ಅದನ್ನು ಒಡೆಯುವ ಬ್ಯಾಕ್ಟೀರಿಯ ಸಿಕ್ಕಿದ್ದನ್ನು 1973ರಲ್ಲಿ ಪ್ರಕಟಿಸಿದರು. ಅದರ ಒಂದು ಕಿಣ್ವ ವಿಷದ ಅಣುವನ್ನು ಎರಡು ತುಂಡು ಮಾಡುತ್ತದೆ. ಎಲ್ಲಾ ವಿಷವೂ ಹೀಗೆ ಬೇಗ ಹೋಗಲ್ಲ. ಡಿಡಿಟಿ ವರ್ಷಗಟ್ಟಲೆ ಮಣ್ಣಲ್ಲೇ ಉಳಿಯುತ್ತೆ.

ಈಗ ನನ್ನ ಕಾರಣ. ಹೋದ ವರ್ಷ ನಮ್ಮ ಹೊಲದ ಬದುವಿನ ಹತ್ತಿರ ಕಳೆನಾಶಕದ ಕ್ಯಾನು ನನ್ನ ಕೈಯಿಂದಲೇ ಬಿದ್ದು ಪೂರ್ತಿ ಚೆಲ್ಲಿತು. ಅಪ್ಪ ಬೈಯಲಿಲ್ಲ, ಅದೇ ಹೆಚ್ಚು ಬೇಜಾರು. ಮಳೆಗಾಲ ಕಳೆದರೂ ಅಲ್ಲಿ ಹುಲ್ಲು ಹುಟ್ಟಲಿಲ್ಲ. ಅಜ್ಜಿ ಮಾತ್ರ ತಿಪ್ಪೆಗೊಬ್ಬರ ಹಾಕಿ ನೀರು ಚಿಮುಕಿಸುತ್ತಲೇ ಇದ್ದಾರೆ. ಯಾಕೆ ಅಂತ ಆಗ ನಗು ಬರ್ತಿತ್ತು. ಗೊಬ್ಬರ, ತೇವ, ಗಾಳಿ ಇದ್ದರೆ ಮಣ್ಣಿನ ಜೀವಿಗಳು ಹೆಚ್ಚುತ್ತವೆ ಎಂದು ಮೇಷ್ಟ್ರು ಹೇಳಿದ ಮೇಲೆ ನಾನೂ ದಿನಾ ಒಂದು ಬಿಂದಿಗೆ ಹೊರುತ್ತಿದ್ದೇನೆ. ಮೊನ್ನೆ ಭಾನುವಾರ ಒಂದು ಅಂಚಿನಲ್ಲಿ ನಾಲ್ಕು ಗರಿಕೆ ಎಸಳು ಕಂಡವು. ನಡುವೆ ಇನ್ನೂ ಬೋಳಾಗೇ ಇದೆ.