ಜಾರ್ಜ್ ಸೈಮನ್ ಓಮ್ (1789–1854): ತಂತಿಯ ಅಳತೆ ಮತ್ತು ವಿದ್ಯುತ್ ರೋಧ

ವಿದ್ಯುತ್ ರೋಧದ ಮಾನಕ್ಕೆ ತಮ್ಮ ಹೆಸರನ್ನಿತ್ತ ಜಾರ್ಜ್ ಸೈಮನ್ ಓಮ್ ಅವರು 1789ರ ಮಾರ್ಚ್ 16ರಂದು ಇಂದಿನ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ಬೀಗ ತಯಾರಿಸುವ ಕಸುಬಿನವರು. ಸ್ವಂತ ಪರಿಶ್ರಮದಿಂದ ಗಣಿತ ಕಲಿತು ಮಕ್ಕಳಿಗೂ ಕಲಿಸಿದರು. 1811ರಲ್ಲಿ ಡಾಕ್ಟರೇಟ್ ಪಡೆದ ಓಮ್, 1817ರಿಂದ ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಹಾಗೂ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು.

ಬೋಧನೆಯ ಬಿಡುವಿನಲ್ಲಿ ಅವರು ತಂತಿಗಳ ಮೇಲೆ ಪ್ರಯೋಗಗಳನ್ನು ಕೈಗೊಂಡರು. ಆ ಕಾಲದ ಬ್ಯಾಟರಿಗಳ ಶಕ್ತಿ ಸ್ಥಿರವಾಗಿ ಇರುತ್ತಿರಲಿಲ್ಲವಾದ್ದರಿಂದ 1825ರ ಮೊದಲ ಫಲಿತಾಂಶಗಳು ಸರಿಯಾಗಿ ಬರಲಿಲ್ಲ. ತರುವಾಯ ತಾಮ್ರ ಮತ್ತು ಬಿಸ್ಮತ್ ಲೋಹಗಳ ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ ಏಕಪ್ರಕಾರದ ವಿದ್ಯುತ್ತನ್ನು ಪಡೆದರು. 1826ರಲ್ಲಿ ಒಂದೇ ದಪ್ಪದ, 2ರಿಂದ 130 ಅಂಗುಲ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೂ ರೋಧ ತಗ್ಗುತ್ತದೆ ಎಂಬುದು ಅವರ ಕಾರ್ಯದಿಂದ ದೃಢಪಟ್ಟಿತು. ಉದ್ದ ಎರಡು ಪಟ್ಟಾದರೆ ರೋಧವೂ ಎರಡು ಪಟ್ಟು. ವ್ಯಾಸ ಎರಡು ಪಟ್ಟಾದರೆ ರೋಧ ನಾಲ್ಕನೇ ಒಂದು ಭಾಗ. ರೋಧಶೀಲತೆಯಾದರೋ ಲೋಹದ ಗುಣ. ತಾಪ ಬದಲಾಗದ ಹೊರತು, ತಂತಿ ಎಷ್ಟೇ ಉದ್ದವಿರಲಿ, ಎಷ್ಟೇ ದಪ್ಪವಿರಲಿ, ಅದು ಬದಲಾಗುವುದಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸುವವರು ಹಲವರು.

1 ಚದರ ಮಿ.ಮೀ. ಅಡ್ಡಕೊಯ್ತವುಳ್ಳ 100 ಮೀಟರ್ ತಾಮ್ರದ ತಂತಿಯ ರೋಧ ಸುಮಾರು 1.7 ಓಮ್, ಅದೇ ಉದ್ದದ 4 ಚದರ ಮಿ.ಮೀ. ತಂತಿಯದು ಸುಮಾರು 0.43 ಓಮ್. ದೂರದ ಪಂಪ್‌ಸೆಟ್ಟಿಗೆ ತೆಳುವಾದ ತಂತಿ ಎಳೆದಲ್ಲಿ ವೋಲ್ಟೇಜ್ ಕುಸಿದು ತಂತಿ ಬಿಸಿಯೇರುವುದು ಈ ಕಾರಣದಿಂದಲೇ.

1827ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ಸ್ವದೇಶದಲ್ಲಿ ಆದರ ದೊರೆಯಲಿಲ್ಲ. ವಿಶ್ವವಿದ್ಯಾಲಯದ ಹುದ್ದೆಯನ್ನು ನಿರೀಕ್ಷಿಸಿದ್ದ ಓಮ್ ನಿರಾಶರಾಗಿ ಕಲೋನ್‌ನ ಕೆಲಸವನ್ನೂ ತ್ಯಜಿಸಿ, ಅಲ್ಪ ವೇತನದಲ್ಲಿ ಕೆಲವು ವರ್ಷ ಕಳೆದರು. 1833ರಲ್ಲಿ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್ ಸೇರಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಮನ್ನಣೆ ಮೊದಲು ಹೊರದೇಶದಿಂದ ಬಂದುದು ಗಮನಾರ್ಹ. ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಯೋಗಿಕ ಭೌತಶಾಸ್ತ್ರದ ಪೀಠ ಲಭಿಸಿದ್ದು 1852ರಲ್ಲಿ, ಅವರ 63ನೇ ವಯಸ್ಸಿನಲ್ಲಿ. 1854ರ ಜುಲೈ 6ರಂದು ಅದೇ ನಗರದಲ್ಲಿ ನಿಧನರಾದರು.

1881ರಲ್ಲಿ ಪ್ಯಾರಿಸ್‌ನಲ್ಲಿ ಜರುಗಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಮಾನಕ್ಕೆ ಓಮ್ ಎಂಬ ಹೆಸರನ್ನು ಅಂಗೀಕರಿಸಿತು. ವೈರಿಂಗ್ ಪರೀಕ್ಷಾ ವರದಿಯಲ್ಲಿ ಭೂಸಂಪರ್ಕದ ರೋಧವನ್ನು ನಮೂದಿಸುವುದು ಈ ಮಾನದಲ್ಲಿಯೇ.