ಶ್ರೀರಾಮಪುರದ ಮಹಾತಾಯಿ ಹನ್ನಾ ಮಾರ್ಷ್‌ಮನ್

ಬೆಹಾಲಾದ ಕನ್ನಡ ಬಾಂಧವರು ಹೌರಾದಲ್ಲಿ ಲೋಕಲ್ ರೈಲು ಹಿಡಿದರೆ ಶ್ರೀರಾಮಪುರ ದೂರವೇನಲ್ಲ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಗಿ ಹೊರಬಂದದ್ದು ಹೂಗ್ಲಿ ದಡದ ಈ ಊರಿನಿಂದಲೇ. ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಇವರ ಸಂಸಾರವನ್ನೂ ಶಾಲೆಯನ್ನೂ ಹೊತ್ತು ನಿಂತ ಹನ್ನಾ ಮಾರ್ಷ್‌ಮನ್ ಅವರನ್ನು ನಾಲ್ಕನೆಯವರೆಂದು ಎಣಿಸಿದವರು ಕಡಿಮೆ. ಇದು ನ್ಯಾಯವಲ್ಲ.

1767ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹನ್ನಾ, ಬ್ಯಾಪ್ಟಿಸ್ಟ್ ಸಭಾಪಾಲಕರೊಬ್ಬರ ಮೊಮ್ಮಗಳು. 1791ರಲ್ಲಿ ಜೋಶುವಾ ಮಾರ್ಷ್‌ಮನ್ ಅವರ ಕೈಹಿಡಿದರು. 1799ರ ಅಕ್ಟೋಬರ್‌ನಲ್ಲಿ ಪತಿ, ಮಕ್ಕಳೊಂದಿಗೆ ಬಂಗಾಳಕ್ಕೆ ಬಂದಿಳಿದರು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳೆಂದರೆ ಆಗುತ್ತಿರಲಿಲ್ಲ. ಆಗ ಆಸರೆ ಕೊಟ್ಟದ್ದು ಡೇನರ ಆಳ್ವಿಕೆಯಲ್ಲಿದ್ದ ಶ್ರೀರಾಮಪುರ.

ಮರುವರ್ಷ ಮೇ ತಿಂಗಳಲ್ಲಿ ಮಾರ್ಷ್‌ಮನ್ ದಂಪತಿ ವಸತಿ ಶಾಲೆಗಳನ್ನು ತೆರೆದರು. ಹುಡುಗಿಯರ ಶಾಲೆ ಹನ್ನಾ ಅವರ ಪಾಲಿಗೆ ಬಂತು. ಶಾಲೆಯ ಆದಾಯದಲ್ಲಿ ಮನೆಖರ್ಚಿಗೆ ಅಲ್ಪಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನೆಲ್ಲ ಸಾಮೂಹಿಕ ನಿಧಿಗೆ ಹಾಕುತ್ತಿದ್ದರು. ಮುದ್ರಣಾಲಯದ ಕೆಲಸ ನಡೆದದ್ದರಲ್ಲಿ ಈ ಹಣದ ಪಾಲು ದೊಡ್ಡದು. ಮುಂದೆ ಬಂಗಾಳಿ ಹೆಣ್ಣುಮಕ್ಕಳ ಶಾಲೆಗಳಿಗಾಗಿಯೂ ದುಡಿದರು. ಹೆಣ್ಣಿಗೆ ಅಕ್ಷರವೇಕೆ ಎಂದು ಕೇಳುತ್ತಿದ್ದ ಕಾಲವದು.

ಮನೆಯೊಳಗಿನ ಹೊರೆಯೂ ಸಣ್ಣದಲ್ಲ. ಕೇರಿಯವರ ಪತ್ನಿ ಡಾರತಿ ಮಾನಸಿಕ ಅಸ್ವಸ್ಥರಾಗಿದ್ದರು, ಕೇರಿಯವರು ಭಾಷೆಗಳಲ್ಲಿ ಮುಳುಗಿದ್ದರು. ಹೇಳುವವರು ಕೇಳುವವರಿಲ್ಲದೆ ಬೆಳೆಯುತ್ತಿದ್ದ ಅವರ ಗಂಡುಮಕ್ಕಳನ್ನು ತಿದ್ದಿದವರಲ್ಲಿ ಹನ್ನಾ ಮುಖ್ಯರು. ಸ್ವಂತದ 12 ಮಕ್ಕಳನ್ನು ಹೆತ್ತು, ಅವರಲ್ಲಿ ಹಲವರನ್ನು ಎಳವೆಯಲ್ಲೇ ಮಣ್ಣು ಮಾಡಿದರು. ಆದರೂ ಪಾಠ ನಿಲ್ಲಲಿಲ್ಲ, ಪ್ರಾರ್ಥನೆಯೂ ತಪ್ಪಲಿಲ್ಲ.

1812ರ ಮಾರ್ಚ್ 11ರಂದು ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾಯಿತು. ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಇಷ್ಟೆಲ್ಲ ದುಡಿದ ಮಾರ್ಷ್‌ಮನ್ ಕುಟುಂಬದ ಮೇಲೆಯೇ, ಅವರು ಹಣ ಕೂಡಿಟ್ಟಿದ್ದಾರೆಂಬ ಆರೋಪ ಅವರದೇ ಜನರಿಂದ ಬಂತು. 1827ರಲ್ಲಿ ಶ್ರೀರಾಮಪುರದವರು ಇಂಗ್ಲೆಂಡಿನ ಮಾತೃಸಂಸ್ಥೆಯಿಂದ ಬೇರ್ಪಟ್ಟರು.

ಹಿರಿಯ ಮಗ ಜಾನ್ ಕ್ಲಾರ್ಕ್ 1818ರಲ್ಲಿ 'ಸಮಾಚಾರ ದರ್ಪಣ' ಎಂಬ ಬಂಗಾಳಿ ಪತ್ರಿಕೆಯ ಸಂಪಾದಕನಾದ. ತಾಯಿಯ ಹೆಸರನ್ನೇ ಹೊತ್ತ ಮಗಳು ಹನ್ನಾ 1829ರಲ್ಲಿ ಹೆನ್ರಿ ಹ್ಯಾವ್‌ಲಾಕ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಅಂಡಮಾನ್ ಪ್ರವಾಸ ಹೋದವರಿಗೆ ಆ ಹೆಸರು ಗೊತ್ತು. 2018ರಲ್ಲಿ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು. 1836ರಲ್ಲಿ ಲಂಡೌರ್‌ನಲ್ಲಿದ್ದ ಈ ಮಗಳ ಮನೆ ಸುಟ್ಟು ಹಸುಗೂಸೊಂದು ತೀರಿಕೊಂಡಿತು. ಆ ಆಘಾತದಿಂದ ಚೇತರಿಸಿಕೊಳ್ಳದ ಜೋಶುವಾ ಮರುವರ್ಷ ಡಿಸೆಂಬರ್‌ನಲ್ಲಿ ನಿಧನರಾದರು.

ವಾರ್ಡ್, ಕೇರಿ ಅದಾಗಲೇ ಇರಲಿಲ್ಲ. ಮೂವರ ನಂತರವೂ ಹನ್ನಾ ಸುಮಾರು ಒಂದು ದಶಕ ಶ್ರೀರಾಮಪುರದಲ್ಲೇ ಬಾಳಿದರು. 1845ರಲ್ಲಿ ಡೇನರು ಊರನ್ನು ಬ್ರಿಟಿಷರಿಗೆ ಮಾರಿ ಹೊರಟದ್ದನ್ನೂ ಕಂಡರು. 1847ರ ಮಾರ್ಚ್‌ನಲ್ಲಿ, 79ನೇ ವಯಸ್ಸಿನಲ್ಲಿ, ಅಲ್ಲಿಯೇ ಕಣ್ಮುಚ್ಚಿದರು.