ಸ್ಯಾಟಲೈಟ್‌ಗೆ ಕಾಣದ ತಳಪಾಯ

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಮುತ್ತತ್ತಿಗೆ ಹೋಗಿದ್ವಿ. ಮಳವಳ್ಳಿ ತಾಲ್ಲೂಕಿನ ಕಾಡೊಳಗೆ, ಕಾವೇರಿ ದಡದಲ್ಲಿರೋ ಪುಟ್ಟ ಊರು. ಆಂಜನೇಯನಿಗೆ ಕೈಮುಗಿದು, ಸುಳಿಗೆ ಹೆದರಿ ನೀರಿಗಿಳಿಯದೆ ಬಂಡೆ ಮೇಲೆ ಕೂತು ವಾಪಸ್ ಬಂದ್ವಿ. ರಾತ್ರಿ ಹಾಸ್ಟೆಲ್‌ನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದು ಅದೇ ಬಂಡೆ ಹುಡುಕಿದೆ. ಸಿಗಲಿಲ್ಲ. ನದಿ ಹಿಡಿದು ಮೇಲಕ್ಕೆ ಹೋದೆ. ಶಿವನಸಮುದ್ರ, ತಿ. ನರಸೀಪುರ, ಶ್ರೀರಂಗಪಟ್ಟಣ, ಆಮೇಲೆ ಇದ್ದಕ್ಕಿದ್ದಂತೆ ಕವಲು ಕವಲಾಗಿ ಹರಡಿದ ನೀಲಿ. ಕೃಷ್ಣರಾಜಸಾಗರ. ನೀಲಿ ಮುಗಿಯೋ ಕಡೆ ಕೂದಲೆಳೆಯಂಥ ಗೆರೆ. ಅದೇ 2.6 ಕಿ.ಮೀ. ಉದ್ದದ ಕನ್ನಂಬಾಡಿ ಕಟ್ಟೆ.

ಆ ಗೆರೆ ಅಂದರೆ ನಮಗೆಲ್ಲ ನೆನಪಾಗೋದು ಸರ್ ಎಂ. ವಿಶ್ವೇಶ್ವರಯ್ಯ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ ಸೆಂಟ್ರಲ್ ಕಾಲೇಜು ಮುಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1884ರಿಂದ ಬಾಂಬೆ ಸರ್ಕಾರದ ಕೆಲಸ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾಕ್ಕೆ ಇವರ ಆಟೋಮ್ಯಾಟಿಕ್ ಗೇಟ್ ಬಂತು. ನೀರು ಒಂದು ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತೆ, ಇಳಿದರೆ ಮುಚ್ಚುತ್ತೆ. ಕಟ್ಟೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸೋ ಉಪಾಯ. ಸೆನ್ಸರ್ ಇಲ್ಲ, ಕರೆಂಟ್ ಇಲ್ಲ!

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಿಂದಲೇ ವಿದ್ಯುತ್ ಹೋಗ್ತಿತ್ತು. ಆದರೆ ಬೇಸಿಗೆಯಲ್ಲಿ ನದಿ ಬಡವಾಗೋದು. ಮೇಲೆಲ್ಲಾದರೂ ನೀರು ಹಿಡಿದಿಟ್ಟರೆ ಟರ್ಬೈನೂ ತಿರುಗುತ್ತೆ, ಮಂಡ್ಯದ ಒಣಭೂಮಿಗೂ ನೀರು ಸಿಗುತ್ತೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದರು, 1911ರಲ್ಲಿ ಕೆಲಸ ಶುರುವಾಯಿತು.

ಇಲ್ಲಿ ಸಿಕ್ಕು ಬಂತು. ಕೆಳಗಿನ ತಂಜಾವೂರಿನ ಗದ್ದೆಗಳ ಚಿಂತೆ ಮದ್ರಾಸಿಗೆ. 11 ಟಿಎಂಸಿ ಮಾತ್ರ ನಿಲ್ಲಿಸಿ ಅಂತ ಒಪ್ಪಿಗೆ ಕೊಟ್ಟಿತು. ಮೈಸೂರಿಗೆ ಬೇಕಿದ್ದದ್ದು 41.5 ಟಿಎಂಸಿ. ಹಾಗಾಗಿ ಮೈಸೂರು ಪಾಯ ಹಾಕಿದ್ದು ದೊಡ್ಡ ಅಣೆಕಟ್ಟಿಗೇ. ಯಾಕೆ ಅನ್ನೋದು ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲೇ ಇದೆ. ನೀರಿನ ಎತ್ತರ ಒಂದೂವರೆ ಪಟ್ಟಾದರೆ ತಳ್ಳೋ ಬಲ ಎರಡೂಕಾಲು ಪಟ್ಟು. ಈ ಕಟ್ಟೆ ನಿಂತಿರೋದು ತನ್ನ ತೂಕದಿಂದ. ಬುಡ ಸಣ್ಣದಾಗಿ ಕಟ್ಟಿ, ಆಮೇಲೆ ಮೇಲೆ ಏರಿಸ್ತೀನಿ ಅಂದರೆ ಆಗಲ್ಲ. ಆ ಅಗಲ ಮೊದಲ ದಿನವೇ ನಿರ್ಧಾರ ಆಗಬೇಕು.

ಮದ್ರಾಸಿನವರು ಸುಮ್ಮನಿರಲಿಲ್ಲ. ಮಧ್ಯಸ್ಥಿಕೆ ನಡೆದು 1914ರಲ್ಲಿ ತೀರ್ಪು ಬಹುಪಾಲು ಮೈಸೂರಿನ ಕಡೆ ಬಂತು. ಅವರು ಮೇಲ್ಮನವಿ ಹಾಕಿದರು. ಒಪ್ಪಂದ ಆಗೋಕೆ 1924 ಬೇಕಾಯಿತು. ಅನುಮತಿ ಒಂದಕ್ಕೆ, ಪಾಯ ಇನ್ನೊಂದಕ್ಕೆ. ಮಂಡ್ಯದ ಗದ್ದೆ ನೋಡಿದಾಗ ಸರಿ ಅನಿಸುತ್ತೆ. ತಂಜಾವೂರಲ್ಲಿ ಹುಟ್ಟಿದ್ದರೆ ನಾನೂ ಜಗಳಕ್ಕೆ ನಿಲ್ತಿದ್ದೆ.

ಈ ಮಧ್ಯೆ 1912ರಲ್ಲಿ ದಿವಾನರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. 1918ರಲ್ಲಿ ಹುದ್ದೆ ಬಿಟ್ಟರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಮೀಸಲಾತಿ ಕೊಡೋದು ಅವರಿಗೆ ಒಪ್ಪಿಗೆ ಇರಲಿಲ್ಲ. ಸೆಪ್ಟೆಂಬರ್ 15ರ ಭಾಷಣಗಳಲ್ಲಿ ಈ ವಿಷಯ ಬರೋದೇ ಇಲ್ಲ. ನಮ್ಮ ಕ್ಲಾಸಲ್ಲಿ ಮೀಸಲಾತಿಯಿಂದ ಸೀಟು ಪಡೆದವರೂ ಅವರ ಫೋಟೋಗೆ ಹೂವು ಹಾಕ್ತೀವಿ.

ಕಟ್ಟೆ ಆಗಿನ್ನೂ ಅರ್ಧ. ಸಿಮೆಂಟಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಕಲ್ಲು ಹೊತ್ತವರು ಸಾವಿರಾರು ಕೂಲಿಗಳು. ಕೆಲಸ ಮುಗಿಯೋ ಹೊತ್ತಿಗೆ 1931, ವಿಶ್ವೇಶ್ವರಯ್ಯನವರಿಗೆ ಎಪ್ಪತ್ತು. ಅವರು ಅಧಿಕಾರ ಬಿಟ್ಟು ಹದಿಮೂರು ವರ್ಷ ಆಗಿತ್ತು. 1955ರಲ್ಲಿ ಭಾರತ ರತ್ನ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನ.

ಅವತ್ತು ರಾತ್ರಿ ಮ್ಯಾಪ್‌ನಲ್ಲಿ ಹಳೇ ಚಿತ್ರಗಳನ್ನೂ ನೋಡಿದೆ. ಬೇಸಿಗೆಯದರಲ್ಲಿ ನೀಲಿಯ ಸುತ್ತ ಕಂದು ಅಂಚು. ಹಳೇ ಕನ್ನಂಬಾಡಿ ಊರು ಇದ್ದದ್ದು ಆ ನೀರಿನ ಕೆಳಗೇ. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಈಗ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ಮುಂದಿನ ರಜೆಗೆ ಅಲ್ಲಿಗೇ ಹೋಗೋಣ ಅಂತ ಮಾತಾಗಿದೆ.